ಏಳನೆಯ ದಶಾಂಶ

ಇದ್ರಿಯಾದಲ್ಲಿ ಪಾದರಸದ ಗಣಿ ಮುಚ್ಚಿ ಎಷ್ಟೋ ವರ್ಷ,
ಕೆಳಗೆ ಪಂಪು ಮಾತ್ರ ನಿಂತಿಲ್ಲ.
ನಿಂತರೆ ನೀರು ಏರುತ್ತದೆ,
ನೀರು ಏರಿದರೆ ಚರ್ಚಿನ ಗೋಡೆ, ಶಾಲೆಯ ಮೆಟ್ಟಿಲು,
ಬೇಕರಿಯ ಹೊಸ್ತಿಲು
ಕೂದಲೆಳೆಯಷ್ಟು ಜಾಗ ಬಿಡುತ್ತವೆ.
ಆ ಎಳೆಯನ್ನು ಅಳೆಯುವ ಯಂತ್ರ
ನನ್ನ ಮೇಜಿನಡಿ ಇದೆ,
ಚಳಿಗಾಲದಲ್ಲಿ ಕಾಲಿಗೆ ಬೆಚ್ಚಗೆ.

ಹನ್ನೊಂದು ವರ್ಷದಿಂದ ಅದು ಕಣ್ಣು ಮುಚ್ಚಿಲ್ಲ.
ಅದರ ಲಿನಕ್ಸಿಗೆ ಸ್ಟೇಬಲ್ ಎನ್ನುತ್ತಾರೆ:
ಯಾವ ಕಾಲು ಕುಂಟುತ್ತದೆಂದು
ಗಣಿಯವರೆಲ್ಲರಿಗೂ ಗೊತ್ತಿದ್ದ
ಹೇಸರಗತ್ತೆಯ ಹಾಗೆ.

ಮಂಗಳವಾರ ಲ್ಯುಬ್ಲಿಯಾನಾದಿಂದ ಗಾಶ್ಪೆರ್ ಬಂದ,
ಒದ್ದೆ ಬೂಟು, ಕಿಸೆಯಲ್ಲಿ ಒಂದು ಪ್ರೋಗ್ರಾಮು.
ನಿಮ್ಮದು ಕುಸಿದದ್ದನ್ನು ಹೇಳುತ್ತದೆ,
ನನ್ನದು ಕುಸಿಯುವುದನ್ನು ಹೇಳುತ್ತದೆ, ಎಂದ.
ಎಂಟನೆಯ ಸಾಲಿಗೇ ನಮ್ಮ ಕಂಪೈಲರ್ ಕೈಚೆಲ್ಲಿತು.
ಅದು ಕಲಿತ ಕಾಲದಲ್ಲಿ
ಆ ವ್ಯಾಕರಣ ಇನ್ನೂ ಹುಟ್ಟಿರಲಿಲ್ಲ.

ಹೊಸ ಕಂಪೈಲರ್ ತರಿಸೋಣ ಎಂದು ಆಜ್ಞೆ ಬರೆದೆ.
ಪಟ್ಟಿ ಇಳಿಯಿತು, ಇಳಿಯುತ್ತಲೇ ಹೋಯಿತು:
ನೂರ ನಲವತ್ತಮೂರು ಪ್ಯಾಕೇಜು ಬದಲಾಗುತ್ತವೆ,
ಒಂಬತ್ತು ಮನೆಬಿಟ್ಟು ಹೋಗುತ್ತವೆ.
ಒಬ್ಬ ನೆಂಟನನ್ನು ಕರೆದೆ,
ದಿಬ್ಬಣವೇ ಬಾಗಿಲಲ್ಲಿ ನಿಂತಿದೆ.
ಹೊರಡುವ ಒಂಬತ್ತರಲ್ಲಿ ಒಂದು
ಸುರಂಗದ ಸೆನ್ಸರುಗಳ ಮಾತು ಬಲ್ಲ ಲೈಬ್ರರಿ.
ಮುಂದುವರಿಯಲೇ? ಎಂದು ಕೇಳಿ
ಕರ್ಸರು ಮಿಟುಕಿತು.
ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ,
ಪರದೆ ಆರಿಸಿ ಕೋಟು ಹಾಕಿಕೊಂಡೆ.

ಅಳೆಯುವ ಪ್ರೋಗ್ರಾಮು ಬರೆದವಳು ಮಿಲೋಯ್ಕಾ.
ನಿವೃತ್ತಿಯಾಗಿ ಈಗ ಲೇಸು ಹೆಣೆಯುತ್ತಾಳೆ,
ಒಲೆಯ ಮೇಲೆ ಆಲೂಗಡ್ಡೆಯ ಕಡುಬು ಕುದಿಯುತ್ತಿತ್ತು.
ದಿಂಬಿನ ಮೇಲೆ ನಕ್ಷೆ, ನಕ್ಷೆಗೆ ಗುಂಡುಸೂಜಿ,
ಹದಿನಾಲ್ಕು ಮರದ ಕದಿರು
ಒಂದಕ್ಕೊಂದು ತಾಗಿ ಟಕಟಕ.
ನನ್ನ ಪ್ರಶ್ನೆ ಕೇಳಿ ಪೆಟ್ಟಿಗೆಯಿಂದ
ಎರಡು ಲೇಸು ತೆಗೆದಳು.
ಇದು ಅಮ್ಮನದು, ಇದು ನನ್ನದು, ನಕ್ಷೆ ಒಂದೇ.
ಅಮ್ಮನ ಕೈ ಬಿಗಿ. ನೋಡು, ಇಲ್ಲಿ ಎಲೆ ಸಣ್ಣದಾಗಿದೆ.
ನಾನು ಕೇಳಿದ್ದು ಕಂಪೈಲರಿನ ವಿಷಯ, ಎಂದೆ.
ಕಡುಬು ಬಡಿಸಿದಳು.

ರಾತ್ರಿ, ಹಳೆಯದನ್ನು ಮುಟ್ಟದೆ,
ಪಕ್ಕದಲ್ಲಿ ಬೇರೆ ಡೈರೆಕ್ಟರಿ ತೆರೆದೆ,
ಬಾಡಿಗೆಗೆ ಕೋಣೆ ಕೊಟ್ಟ ಹಾಗೆ.
ಹಳೆಯದೇ ಹೊಸದನ್ನು ಹೆರಬೇಕು.
ಹೆತ್ತಿತು.
ಹುಟ್ಟಿದ್ದು ತನ್ನನ್ನು ತಾನೇ ಹೆತ್ತಿತು, ಮತ್ತೂ ಒಮ್ಮೆ ಹೆತ್ತಿತು.
ಕೊನೆಯ ಎರಡನ್ನು ಒಂದರ ಮೇಲೊಂದಿಟ್ಟು ನೋಡಿದಾಗ
ಒಂದು ಬೈಟಿನ ಅಂತರವೂ ಇಲ್ಲ.
ಮೂರೂಮುಕ್ಕಾಲು ಗಂಟೆ ಫ್ಯಾನು ಬೊಬ್ಬೆ ಹೊಡೆಯಿತು.
ಅಷ್ಟು ಹೊತ್ತೂ ಒಳಗಿನ ಎಣಿಕೆ
ಒಂದು ನಿಮಿಷವೂ ತಪ್ಪಲಿಲ್ಲ, ಮುದುಕ ಗಟ್ಟಿ.

ಅಲ್ಲಿಗೇ ನಿಲ್ಲಿಸಬೇಕಿತ್ತು.
ಕುತೂಹಲ ಬಿಡಲಿಲ್ಲ.
ಮಿಲೋಯ್ಕಾಳ ಪ್ರೋಗ್ರಾಮನ್ನೂ ಹೊಸದರ ಕೈಗೆ ಕೊಟ್ಟೆ.
ಅದೇ ಸೂತ್ರ, ನಿನ್ನೆಯದೇ ಅಳತೆ, ಅದೇ ಗೋಡೆ.
ಏಳನೆಯ ದಶಾಂಶದಲ್ಲಿ
ಹಳೆಯದು ನಾಲ್ಕು ಎಂದಿತು, ಹೊಸದು ಐದು.
ಕೂಡುವ ಕ್ರಮ ಎಲ್ಲೋ ಕೊಂಚ ಬೇರೆ,
ಸುತ್ತಿಗೆ ಇಳಿಸಿದ ಕಡೆ ಬೇರೆ.
ಎರಡೂ ಸರಿ ಎಂದು ಪುಸ್ತಕ ಹೇಳುತ್ತದೆ.
ಗುಡ್ಡವನ್ನು ಕೇಳುವವರು ಯಾರು?
ಕೂತ ಕೊಂಬೆಯನ್ನು ಎಷ್ಟು ಹರಿತದ ಗರಗಸದಿಂದ
ಕೊಯ್ದರೇನು, ಎಂದುಕೊಂಡೆ.
ಆಮೇಲೆ, ಕೊಂಬೆ ಎಂದೋ ಒಣಗಿದ್ದರೆ? ಎಂದೂ ಅನಿಸಿತು.

ಪರದೆ ಬೆಳಗಿಸಿದೆ.
ಪ್ರಶ್ನೆ ಅಲ್ಲೇ ಕಾದು ಕೂತಿತ್ತು.
ಇಲ್ಲ, ಎಂದು ಒತ್ತಿದೆ.
ಗೋಡೆಗೆ ಹಳೆಯ ಕೈ, ಗಾಶ್ಪೆರನಿಗೆ ಬಾಡಿಗೆ ಕೋಣೆ,
ಎರಡು ದೋಣಿಗೆ ಎರಡು ಕಾಲು.
ಇದು ತೀರ್ಮಾನವೋ, ತೀರ್ಮಾನದಿಂದ ತಪ್ಪಿಸಿಕೊಂಡದ್ದೋ,
ದಿನಚರಿ ಪುಸ್ತಕದಲ್ಲಿ ಬರೆಯಲು ಪದ ಸಿಗದೆ
ದಿನಾಂಕವನ್ನಷ್ಟೇ ಬರೆದೆ.

ಬೆಳಗಿನ ಐದಕ್ಕೆ ಹೊರಬಿದ್ದೆ, ಹಿಮ ಹಗುರ.
ಬೇಕರಿಯ ಬಾಗಿಲು
ನೆಲಕ್ಕೆ ಕಿರ್ರೆಂದು ಉಜ್ಜಿಕೊಂಡು ತೆರೆಯಿತು.
ಕಳೆದ ವಾರವೂ ಉಜ್ಜುತ್ತಿತ್ತೇ?
ನೆನಪಾಗಲಿಲ್ಲ.
ಎರಡು ಬನ್ನು ಕೊಂಡು,
ಬಾಗಿಲನ್ನು ತುಸು ಎತ್ತಿ ಹಿಡಿದು ಮುಚ್ಚಿದೆ.